ಆ ಮನೆ ಇದಲ್ಲ ಎಂದೆ

ನನ್ನ ತಮ್ಮ ಮಾರ್ಮನ್ ಚರ್ಚಿಗೆ ಸೇರಿ, ಅದರ ಧರ್ಮಪ್ರಚಾರದ ಸೇವೆಗೆಂದು ಫಿಲಿಪ್ಪೀನ್ಸ್‌ಗೆ ಹೋಗಿದ್ದಾನೆ. ದಿನವೂ ಬೆಳಗ್ಗೆ ಓದು, ಆಮೇಲೆ ಜೊತೆಗಾರನೊಂದಿಗೆ ಮನೆ ಮನೆ ತಿರುಗುವುದು. ಅಂಗಡಿಗೂ ಒಬ್ಬನೇ ಹೋಗುವಂತಿಲ್ಲ. ಸೋಮವಾರ ರಜೆ. ಅವತ್ತು ಬಿಳಿ ಅಂಗಿಗಳನ್ನು ಒಗೆದು ಹಾಕಿ, ಚೆನ್ನೈನ ವೆಸ್ಟ್ ಮಾಂಬಲಂನಲ್ಲಿರುವ ನನಗೆ ವೀಡಿಯೊ ಕಾಲ್ ಮಾಡುತ್ತಾನೆ.

ಅವನು ಅಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ ಎಂದು ಅಕ್ಕಪಕ್ಕದವರಿಗೆ ಹೇಳಿದ್ದೆ.

ಕಳೆದ ವಾರ ಟೈ ಕಟ್ಟಿದ ಇಬ್ಬರು ಹುಡುಗರು ಬಾಗಿಲಿಗೆ ಬಂದರು. ಅಂಗಿಯ ಮೇಲೆ ಚರ್ಚಿನ ಹೆಸರಿದ್ದ ಕಪ್ಪು ಬ್ಯಾಡ್ಜ್ ಇತ್ತು. ತಮ್ಮನ ಹೆಸರು ಹೇಳಿ, ಇದು ಅವನ ಮನೆಯೇ ಎಂದು ತಮಿಳಿನಲ್ಲಿ ಕೇಳಿದರು. ಎದುರುಮನೆ ಮಾಮಿ ನೋಡುತ್ತಾ ನಿಂತಿದ್ದರು. ಆ ಮನೆ ಇದಲ್ಲ ಎಂದೆ. ಅವರು ಮೆಟ್ಟಿಲಿಳಿದು ಹೋದರು.

ಸೋಮವಾರ ತಮ್ಮ ಹೇಳಿದ, "ಅಕ್ಕ, ಚೆನ್ನೈಯಲ್ಲಿರೋ ನಮ್ಮವರಿಬ್ಬರನ್ನ ನಿನ್ನ ಮಾತಾಡಿಸೋಕೆ ಕಳಿಸಿದ್ದೆ. ಮನೆ ಸಿಗಲಿಲ್ವಂತೆ."

"ಇಲ್ಲಿನ ಗಲ್ಲಿಗಳು ಹಾಗೇ ಕಣೋ."

"ಪಾಪ, ಬಿಸಿಲಲ್ಲಿ ಎಷ್ಟು ಸುತ್ತಿದ್ರೋ! ಮತ್ತೆ ಕಳಿಸ್ತೀನಿ. ನೀನೇ ಕೆಳಗೆ ಬಂದು ನಿಂತಿರು."

"ಆಯ್ತು" ಎಂದೆ. ನನ್ನ ಮುಖ ಕಂಡ ಕೂಡಲೇ ಅವರಿಗೆ ಎಲ್ಲ ತಿಳಿಯುತ್ತದೆ. ಅದಕ್ಕೆ ಮೊದಲು ನಾನೇ ತಮ್ಮನಿಗೆ ಹೇಳಬೇಕಿತ್ತು. ಕಾಲ್ ಮುಗಿಯುವವರೆಗೂ ಹೇಳಲಿಲ್ಲ.