ಕುಟ್ಟಿ ಬೆನ್ನು ತಿರುಗಿಸಿದ ಡಿಸೆಂಬರ್

ಆಗೆಲ್ಲ ಶಿರ್ವದ ನಮ್ಮ ಕಡೆ ಡಿಸೆಂಬರ್ ಬಂದದ್ದು ಮೊದಲು ಮೂಗಿಗೆ ತಿಳಿಯುತ್ತಿತ್ತು. ಗದ್ದೆಯ ಆಚೆ ಬದಿಯ ಸಿಸಿಲಿ ಬಾಯಿಯ ಮನೆಯಲ್ಲಿ ಕ್ರಿಸ್‌ಮಸ್ಸಿನ ತಿಂಡಿಗಳ ತಯಾರಿ ಶುರುವಾದರೆ, ತೆಂಗಿನೆಣ್ಣೆಯಲ್ಲಿ ಕರಿಯುವ ಸಿಹಿ ಹೂರಣದ ನೆವ್ರಿಯ ಪರಿಮಳ ನಮ್ಮ ಅಂಗಳದವರೆಗೂ ಬರುತ್ತಿತ್ತು. ತಂಗಿ ನಾನು ಆರನೇ ಕ್ಲಾಸು, ಅಣ್ಣ ಪ್ರಶಾಂತ ಒಂಬತ್ತನೆಯದು. ಸಿಸಿಲಿ ಬಾಯಿಯ ಮಗ ನೆಲ್ಸನ್ ಅಣ್ಣನ ಕ್ಲಾಸಿನವನೇ. ನಾವು ತುಳುವಿನವರು, ಅವರು ಕೊಂಕಣಿಯವರು. ಮಕ್ಕಳ ನಡುವೆ ಮಾತ್ರ ಎರಡನ್ನೂ ಕಲಸಿ, ಮೇಲೆ ಶಾಲೆಯ ಕನ್ನಡ ಸುರಿದ ಒಂದು ಭಾಷೆ ನಡೆಯುತ್ತಿತ್ತು.

ನೆಲ್ಸನ್‌ನ ಅಪ್ಪ ಆಲ್ಬರ್ಟ್ ಅಂಕಲ್ ಕುವೈಟಿನಲ್ಲಿದ್ದರು. ಅವರು ಹಿಂದೊಮ್ಮೆ ತಂದಿದ್ದ ವಿಡಿಯೋ ಗೇಮ್ ಸುತ್ತ ನಮ್ಮ ರಜೆಗಳೆಲ್ಲ ಕಳೆದವು. ನಿಮ್ಮಲ್ಲಿ ಕೆಲವರಿಗೂ ಅಂಥದ್ದರ ನೆನಪಿರಬಹುದು. ಕ್ಯಾಸೆಟ್ಟಿನ ಬುಡಕ್ಕೆ ಉಫ್ ಎಂದು ಊದಿ, ಪೆಟ್ಟಿಗೆಯೊಳಗೆ ಒತ್ತಿ ಕೂರಿಸಿ ಕಾದರೆ, ನೀಲಿ ಆಕಾಶದ ಕೆಳಗೆ ಒಬ್ಬ ಕುಳ್ಳ ಮನುಷ್ಯ ಬಂದು ನಿಲ್ಲುತ್ತಿದ್ದ. ಕ್ಯಾಸೆಟ್ಟಿನ ಮೇಲಿದ್ದ ಅಕ್ಷರ ಯಾವ ಭಾಷೆಯದೆಂದೇ ನಮಗೆ ಗೊತ್ತಿರಲಿಲ್ಲ. ನಾವೇ ಅವನಿಗೆ ಕುಟ್ಟಿ ಎಂದು ಹೆಸರಿಟ್ಟೆವು. ಕುಟ್ಟಿಗೆ ಗೊತ್ತಿದ್ದದ್ದು ಒಂದೇ ದಾರಿ, ಎಡದಿಂದ ಬಲಕ್ಕೆ. ಹೊಂಡ ಬಂದರೆ ಹಾರಬೇಕು, ಮುಳ್ಳಿನ ಪ್ರಾಣಿ ಬಂದರೆ ತಪ್ಪಿಸಬೇಕು, ಸತ್ತರೆ ಮತ್ತೆ ಮೊದಲಿನಿಂದ. ಆ ಕ್ಯಾಸೆಟ್ಟು ಮುಗಿದಾಗ ಮುಂದಿನ ರಜೆಗೆ ಎರಡನೆಯದು ಬಂತು, ಅದರ ಮೇಲೆ ಮೂರನೆಯದು. ಊರು ಬದಲಾಯಿತು, ಹೊಂಡಗಳು ಬದಲಾದವು, ದಾರಿ ಮಾತ್ರ ಅದೇ.

ಅಣ್ಣನ ಹಾಗೆ ಆಡುವವರು ನಮ್ಮ ಸುತ್ತಿನಲ್ಲಿ ಬೇರೆ ಇರಲಿಲ್ಲ. ಎಲ್ಲಿ ಯಾವ ಹೊಂಡವೆಂದು ಅವನ ಬೆರಳಿಗೇ ಬಾಯಿಪಾಠ. ಒಮ್ಮೆ ನೆಲ್ಸನ್ ಪಂಥ ಕಟ್ಟಿ ಅವನ ಕಣ್ಣಿಗೆ ಟವೆಲ್ ಬಿಗಿದ. ಅಣ್ಣ ಬರೀ ಆಟದ ಸಂಗೀತ ಕೇಳಿಕೊಂಡು ಮೊದಲನೇ ಹಂತ ದಾಟಿಬಿಟ್ಟ.

"ಇವನಿಗೆ ಕಣ್ಣೇ ಬೇಡ ಮಾರಾಯ!" ಎಂದು ನೆಲ್ಸನ್ ಕುಣಿದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಿಸಿಲಿ ಬಾಯಿ ನಗಲಿಲ್ಲ. "ಹಾಗೆಲ್ಲ ಹೇಳ್ಬಾರ್ದು ಪುತಾ" ಎಂದು ಹಣೆಗೂ ಎದೆಗೂ ಕೈ ಮುಟ್ಟಿಸಿ ಶಿಲುಬೆಯ ಗುರುತು ಮಾಡಿಕೊಂಡರು.

ಆ ಡಿಸೆಂಬರಿನಲ್ಲಿ ಆಲ್ಬರ್ಟ್ ಅಂಕಲ್ ಹಬ್ಬಕ್ಕೆ ಊರಿಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಹೊಸ ಮೆಶಿನ್ ಇತ್ತು. ಅದೇ ಕುಟ್ಟಿಯ ಹೊಸ ಆಟ. ನೆಲ್ಸನ್ ತಂತಿಗಳನ್ನು ಸಿಕ್ಕಿಸಿದ. ಕುಟ್ಟಿ ಬಂದ. ಈಗ ಅವನಿಗೆ ಕಾಗದದ ಬೊಂಬೆಯ ಚಪ್ಪಟೆತನ ಇರಲಿಲ್ಲ, ಹೊಟ್ಟೆ ದುಂಡಗೆ ಉಬ್ಬಿತ್ತು. ನೆಲ್ಸನ್ ಹೆಬ್ಬೆರಳಿನಿಂದ ಒಂದು ಗುಂಡಿ ತಳ್ಳಿದ್ದೇ ಕುಟ್ಟಿ ನಮಗೆ ಬೆನ್ನು ತಿರುಗಿಸಿದ. ಅವನಿಗೊಂದು ಬೆನ್ನುಂಟೆಂದು ಅಲ್ಲಿಯವರೆಗೆ ನಾವು ಯಾರೂ ಯೋಚಿಸಿರಲಿಲ್ಲ. ನಮ್ಮನ್ನು ಬಿಟ್ಟು ಅವನು ಟಿವಿಯ ಒಳಒಳಕ್ಕೆ ಓಡಿದ, ಸಣ್ಣವನಾಗುತ್ತ ಹೋದ. ನೆಲ್ಸನ್ ಕೇಕೆ ಹಾಕಿದ. ನನಗೆ ಮಾತ್ರ ಆ ಓಡುವ ಬೆನ್ನನ್ನು ನೋಡುವುದು ಯಾಕೋ ಹಿಡಿಸಲಿಲ್ಲ.

"ಕೊಡು ಇಲ್ಲಿ" ಎಂದು ಅಣ್ಣ ಆಟಕ್ಕೆ ಕೂತ.

ಮೊದಲ ನೆಗೆತಕ್ಕೇ ಕುಟ್ಟಿ ಹೊಂಡಕ್ಕೆ ಬಿದ್ದ. ಎರಡನೆಯದಕ್ಕೂ ಬಿದ್ದ. ಹೊಸದಲ್ಲವೇ ಎಂದು ನಾವು ನಕ್ಕೆವು. ಆದರೆ ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಆಟ ಕಲಿಯದ ನಾನೇ ದಾಟುತ್ತಿದ್ದ ಸಣ್ಣ ಕಲ್ಲುಗಳ ಮೇಲೆ ಅಣ್ಣನ ಕುಟ್ಟಿ ಕಾಲೂರುತ್ತಿರಲಿಲ್ಲ. ಗುಹೆಯ ಒಳಗಿನ ಹಂತ ಬಂದರಂತೂ ಅವನು ಗೋಡೆಗೆ ಹೋಗಿ ಹೋಗಿ ಗುದ್ದುತ್ತಿದ್ದ.

"ನೆರಳು ನೋಡಿ ಹಾರು ಮಾರಾಯ" ಎಂದ ನೆಲ್ಸನ್. "ಕುಟ್ಟಿ ಮೇಲೆ ಹಾರುವಾಗ ಕೆಳಗೆ ಅವನ ನೆರಳು ಬೀಳ್ತದಲ್ವಾ? ನೆರಳು ಕಲ್ಲಿನ ಮೇಲೆ ಬಂದ ಕೂಡಲೇ ಇಳಿಸು."

"ಎಂತ ನೆರಳು?"

"ಅಗೋ, ಕಪ್ಪಗೆ ಉರುಟಾಗಿ ಉಂಟಲ್ಲ."

ಅಣ್ಣ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದ. ತುಂಬ ಹೊತ್ತು ನೋಡಿದ. "ಸುಳ್ಳು ಹೇಳ್ತೀಯಾ ನೀನು. ಅಲ್ಲಿ ಎಂತದೂ ಇಲ್ಲ."

ನೆಲ್ಸನ್ ನನ್ನ ಮುಖ ನೋಡಿದ. ನಾನು ಟಿವಿ ನೋಡಿದೆ. ಬೂದು ಕಲ್ಲಿನ ಮೇಲೆ ಕಪ್ಪು ನೆರಳು ಸ್ಪಷ್ಟವಾಗಿಯೇ ಇತ್ತು. ಒಳಗೆ ಹಿಟ್ಟು ಲಟ್ಟಿಸುವ ಸದ್ದು ನಿಂತಿತ್ತು. ಸಿಸಿಲಿ ಬಾಯಿ ಬಾಗಿಲಿಗೆ ಬಂದು ಅಣ್ಣನನ್ನೇ ನೋಡುತ್ತಿದ್ದರು.

ಆಮೇಲೆ ನನಗೆ ಒಂದೊಂದೇ ಕಾಣತೊಡಗಿತು. ಪಕ್ಕದಲ್ಲಿ ಚಹಾ ಇಟ್ಟರೆ ಅಣ್ಣನ ಮೊಣಕೈ ತಾಗಿ ಚೆಲ್ಲುತ್ತಿತ್ತು. ಸಂಜೆ ಮನೆಗೆ ಹೊರಡುವಾಗ ಅವನು ನನ್ನ ಹೆಗಲ ಮೇಲೆ ಕೈ ಇಡುತ್ತಿದ್ದ. ಅದು ಪ್ರೀತಿಯೆಂದು ನಾನು ಹೆಮ್ಮೆ ಪಡುತ್ತಿದ್ದೆ. ಈಗ ಗಮನಿಸಿದರೆ, ಆ ಕೈ ಹೆಗಲನ್ನು ಹಿಡಿದುಕೊಂಡಿರುತ್ತಿತ್ತು. ನಾನು ತಿರುಗಿದರೆ ಅವನೂ ತಿರುಗುತ್ತಿದ್ದ, ನಿಂತರೆ ನಿಲ್ಲುತ್ತಿದ್ದ.

ಎರಡು ಮನೆಗಳ ನಡುವೆ ಒಂದು ತೋಡು. ಮಳೆ ನಿಂತ ಮೇಲೆ ಸುಗ್ಗಿ ಬೆಳೆಗೆ ನೀರು ಬೇಕೆಂದು ತೋಡಿಗೆ ಅಡ್ಡಲಾಗಿ ಮಣ್ಣು, ಹಲಗೆ ಹಾಕಿ ಕಟ್ಟ ಕಟ್ಟುತ್ತಿದ್ದರು. ಈಗ ಅಲ್ಲಿ ಸುಗ್ಗಿಯೂ ಇಲ್ಲ, ಕಟ್ಟವೂ ಇಲ್ಲ. ಆಗ ಅದರ ಒಂದು ಬದಿಯಲ್ಲಿ ನೀರು ಆಳವಾಗಿ, ಹಸಿರುಗಪ್ಪಾಗಿ ನಿಂತಿರುತ್ತಿತ್ತು. ಕಟ್ಟದ ತಲೆಯ ಮೇಲೆಯೇ ನಮ್ಮ ಕಾಲುದಾರಿ.

ಹಬ್ಬಕ್ಕೆ ಇನ್ನೇನು ಸ್ವಲ್ಪ ದಿನ ಇರುವಾಗ ಒಂದು ಸಂಜೆ, ಸಿಸಿಲಿ ಬಾಯಿ ಅಮ್ಮನಿಗೆಂದು ಕೊಟ್ಟ ತಿಂಡಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಾನು ಮುಂದೆ ನಡೆದಿದ್ದೆ. ಆ ದಿನ ಆಟದಲ್ಲಿ ಸೋತು ಸಿಟ್ಟಾಗಿದ್ದ ಅಣ್ಣ ನನ್ನನ್ನು ಮುಟ್ಟದೆ ಹಿಂದೆ ಬರುತ್ತಿದ್ದ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು, ನನಗಿನ್ನೂ ದಾರಿ ಚೆನ್ನಾಗಿ ಕಾಣುತ್ತಿತ್ತು. ಹಿಂದೆ ದೊಪ್ಪೆಂದು ಸದ್ದಾಯಿತು. ತಿರುಗಿದರೆ ಅಣ್ಣ ಇಲ್ಲ. ನೀರು ಅಲ್ಲಾಡುತ್ತಿತ್ತು.

ನಾನು ಕೂಗಿದ್ದು ಯಾವ ಭಾಷೆಯಲ್ಲೋ ಗೊತ್ತಿಲ್ಲ. ಅಂಗಳದಲ್ಲಿ ಬಿದಿರಿನ ನಕ್ಷತ್ರ ಕಟ್ಟುತ್ತಿದ್ದ ಆಲ್ಬರ್ಟ್ ಅಂಕಲ್ ಲುಂಗಿ ಎತ್ತಿಕಟ್ಟಿ ಓಡಿಬಂದು ಹಾಗೆಯೇ ಧುಮುಕಿದರು. ಅಣ್ಣ ನೀರಿನಲ್ಲಿ ಕೈ ಬಡಿಯುತ್ತಿದ್ದ. ಕಟ್ಟದ ಹಲಗೆ ಅವನಿಂದ ಮೊಳ ದೂರದಲ್ಲೇ ಇದ್ದರೂ ಬೇರೆ ದಿಕ್ಕಿಗೆ ಕೈ ಚಾಚುತ್ತಿದ್ದ. ಅಂಕಲ್ ಅವನ ಅಂಗಿಯ ಕಾಲರ್ ಹಿಡಿದು ಎಳೆದು ದಡಕ್ಕೆ ಹಾಕಿದರು.

ಅಮ್ಮ ಓಡಿಬಂದು ಸೆರಗಿನಿಂದ ಅವನ ತಲೆ ಒರೆಸುತ್ತ ಕೇಳಿದಳು, "ಕಾಲು ಜಾರಿತಾ ಮಗಾ?"

ಅಣ್ಣ ಕೆಮ್ಮುತ್ತ ತಲೆ ಅಲ್ಲಾಡಿಸಿದ. "ಇಲ್ಲಮ್ಮ. ದಾರಿ ಎಲ್ಲಿ ಮುಗೀತದೆಂದು ಕಾಣ್ಲಿಲ್ಲ. ಸಂಜೆ ಆದ್ರೆ ನನಗೆ ಕಾಣುದಿಲ್ಲ."

"ಯಾವಾಗಿಂದ?"

"ಮೊದಲಿಂದ್ಲೂ ಹೀಗೇ. ಎಲ್ಲರಿಗೂ ಹೀಗೇ ಅಂತ ಎಣಿಸಿದ್ದೆ."

ಅಮ್ಮನ ಭಯಕ್ಕೆ ಒಬ್ಬ ಅಪರಾಧಿ ಬೇಕಿತ್ತು. ಅಲ್ಲೇ ಟವೆಲ್ ಹಿಡಿದು ನಿಂತಿದ್ದ ಸಿಸಿಲಿ ಬಾಯಿಗೆ, "ನಿಮ್ಮ ಮನೆಯ ಟಿವಿ ಎದುರು ಕೂತು ಕೂತೇ ನನ್ನ ಮಗನ ಕಣ್ಣು ಹೋಯ್ತು ಬಾಯಿ" ಎಂದುಬಿಟ್ಟಳು. ಸಿಸಿಲಿ ಬಾಯಿ ಟವೆಲನ್ನು ಅಣ್ಣನ ಹೆಗಲಿಗೆ ಹಾಕಿ ಹೋದರು.

ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ಅವನು ರಜೆ ಹಾಕಿದ್ದು ನಾನು ನೋಡಿದ್ದು ಅದೇ ಮೊದಲು. ಅಪ್ಪ, ಅಮ್ಮ, ಅಣ್ಣ ಮೂವರೂ ಮಣಿಪಾಲದ ಆಸ್ಪತ್ರೆಗೆ ಹೋದರು, ಹಟ ಹಿಡಿದು ನಾನೂ ಹೋದೆ. ಅಣ್ಣನ ಕಣ್ಣಿಗೆ ಮದ್ದಿನ ಹನಿ ಹಾಕಿ ಬೆಂಚಿನಲ್ಲಿ ಕೂರಿಸಿದರು. ಆಮೇಲೆ ಡಾಕ್ಟರಮ್ಮ ಕತ್ತಲೆ ಕೋಣೆಯಲ್ಲಿ ತುಂಬ ಹೊತ್ತು ಪರೀಕ್ಷಿಸಿದರು. ಹೊರಗೆ ಬಂದವರು ಅಪ್ಪನೊಡನೆ ಮಾತನಾಡದೆ ನೇರ ಅಣ್ಣನ ಎದುರು ಕೂತರು.

"ನೋಡು, ಇದು ಟಿವಿಯಿಂದ ಬಂದದ್ದಲ್ಲ. ಹುಟ್ಟಿನಿಂದಲೇ ಕಣ್ಣಿನ ಹಿಂದಿನ ಪರದೆಯಲ್ಲಿ ಉಂಟು. ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ. ಆಮೇಲೆ ಬದಿಗಳಿಂದ ನಿಧಾನಕ್ಕೆ ಕಮ್ಮಿ ಆಗ್ತಾ ಬರ್ತದೆ."

"ಎಷ್ಟು ಕಮ್ಮಿ?" ಎಂದ ಅಣ್ಣ.

ಅವರು, "ಪೂರ್ತಿಯೂ ಆಗಬಹುದು. ಬೇಗ ಅಲ್ಲ. ಅದಕ್ಕೆ ಮದ್ದಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇವಳು ತಂಗಿಯಾ? ಇವಳದ್ದೂ ನೋಡಬೇಕು. ರಕ್ತದಲ್ಲಿ ಬರುವಂಥದ್ದು. ಬರುವ ವಾರ ಕರೆದುಕೊಂಡು ಬನ್ನಿ" ಎಂದರು.

ಆ ಒಂದು ವಾರವನ್ನು ನಾನು ಇನ್ನೂ ಮರೆತಿಲ್ಲ. ಸಂಜೆಯಾದರೆ ನಾನು ಅಂಗಳದ ಮೂಲೆಯಲ್ಲಿ ನಿಂತು ಕಾಣುವುದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಬಾವಿಕಟ್ಟೆ ಕಾಣುತ್ತದೆ, ಒಣಹಾಕಿದ ಬಟ್ಟೆ ಕಾಣುತ್ತದೆ, ಬೆಕ್ಕು ಕಾಣುತ್ತದೆ. ಕತ್ತಲೆ ಏರಿ ಬೆಕ್ಕು ಮಾಯವಾದರೆ ಕಣ್ಣುಜ್ಜಿ ಮತ್ತೆ ಹುಡುಕುತ್ತಿದ್ದೆ. ಬೆಕ್ಕು ಹೋದದ್ದೋ, ನನ್ನ ಕಣ್ಣು ಹೋದದ್ದೋ? ಅಮ್ಮ ದೂರದಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು.

ಹಬ್ಬದ ಮುಂಚಿನ ದಿನ ಅಮ್ಮ ಗದ್ದೆ ದಾಟಿ ಸಿಸಿಲಿ ಬಾಯಿಯ ಮನೆಗೆ ಹೋದಳು, ನಾನೂ ಜೊತೆಗಿದ್ದೆ. "ಆವತ್ತು ಬಾಯಿಗೆ ಬಂದದ್ದು ಹೇಳಿಬಿಟ್ಟೆ ಬಾಯಿ. ಅದು ನಮ್ಮ ರಕ್ತದಿಂದಲೇ ಬಂದದ್ದಂತೆ" ಎಂದಳು ಅಮ್ಮ. ಸಿಸಿಲಿ ಬಾಯಿ ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡರು. "ರಕ್ತ ನಾವು ಆರಿಸಿ ತಂದದ್ದಾ? ಸುಮ್ಮನಿರಿ. ನಿಮ್ಮ ಮಗನಿಗೆ ಹೊನಗೊನ್ನೆ ಸೊಪ್ಪು ಕೊಯ್ದಿಟ್ಟಿದ್ದೇನೆ, ಕಣ್ಣಿಗೆ ಒಳ್ಳೆಯದು" ಎಂದರು. ಮದ್ದಿಲ್ಲವೆಂದು ಅವರಿಗೂ ಗೊತ್ತಿತ್ತು.

ನನ್ನ ಕಣ್ಣು ಸರಿ ಇತ್ತು. ಡಾಕ್ಟರಮ್ಮ ಹಾಗೆಂದಾಗ ಮೊದಲು ನಕ್ಕದ್ದು ಅಣ್ಣ. ನನಗೆ ಅವನ ಮುಖ ನೋಡಲಾಗಲಿಲ್ಲ.

ರಜೆಯ ಉಳಿದ ಹಗಲುಗಳಲ್ಲಿ ಅಣ್ಣ ಮತ್ತೆ ಆಟಕ್ಕೆ ಕೂತ. ನೆಲ್ಸನ್ ಕಿಟಕಿಗಳನ್ನೆಲ್ಲ ತೆರೆದ, ಟಿವಿಯ ಬೆಳಕು ಏರಿಸಿದ, ಪಕ್ಕದಲ್ಲಿ ಅಂಟಿ ಕೂತು ಹೇಳಿಕೊಟ್ಟ. "ಓಡು, ಓಡು... ಈಗ ಹಾರು. ಬಿಡು. ಇಳಿಸು." ಗುಹೆಯ ಹಂತವನ್ನು ಇಬ್ಬರೂ ಹಾಗೆಯೇ ದಾಟಿದರು. ಯಾರೂ ಕೇಕೆ ಹಾಕಲಿಲ್ಲ. ಅಣ್ಣ ಕೈಯ ಬೆವರನ್ನು ಚಡ್ಡಿಗೆ ಒರೆಸಿಕೊಂಡು, "ಇನ್ನು ಸಾಕು" ಎಂದು ಎದ್ದ. ಮತ್ತೆಂದೂ ಅವನು ಅದನ್ನು ಮುಟ್ಟಲಿಲ್ಲ.

ಡಾಕ್ಟರಮ್ಮ ಹೇಳಿದಂತೆಯೇ ಆಯಿತು, ನಿಧಾನಕ್ಕೆ. ಅಣ್ಣ ದಪ್ಪ ಅಕ್ಷರದ ಪುಸ್ತಕಗಳಲ್ಲಿ ಓದಿ ಡಿಗ್ರಿ ಮುಗಿಸಿದ, ಬ್ಯಾಂಕಿನ ಕೆಲಸ ಹಿಡಿದ. ಮೂವತ್ತು ದಾಟುವಷ್ಟರಲ್ಲಿ ಉಳಿದ ಬೆಳಕೂ ಹೋಯಿತು. ಈಗ ಕಾರ್ಕಳದಲ್ಲಿ ಸಂಸಾರ. ದಿನಾ ಬಿಳಿ ಕೋಲು ಹಿಡಿದು ಬಸ್ಸಿನಲ್ಲಿ ಹೋಗಿಬರುತ್ತಾನೆ, ಕಂಡಕ್ಟರುಗಳೆಲ್ಲ ಅವನ ದೋಸ್ತಿಗಳು.

ಹೋದ ತಿಂಗಳು ನಾನು ಅವನ ಮನೆಯಲ್ಲಿದ್ದಾಗ ನೆಲ್ಸನ್ ಕುವೈಟಿನಿಂದ ವಿಡಿಯೋ ಕಾಲ್ ಮಾಡಿದ. ಮಾತು ಮುಗಿದ ಮೇಲೆ, "ನೆಲ್ಸನ್‌ಗೆ ತಲೆ ಪೂರ್ತಿ ಬೋಳು ಅಣ್ಣ" ಎಂದೆ.

"ಹೋಗು ಮಾರಾಯ್ತಿ! ಅವನಿಗೆ ಬಾಚಣಿಗೆ ಓಡದಷ್ಟು ಗುಂಗುರು ಕೂದಲು."

"ಈಗ ಒಂದೂ ಇಲ್ಲ."

ಅವನು ನಗುತ್ತಲೇ ಇದ್ದ. ಆಮೇಲೆ ನಗು ನಿಂತಿತು.

"ನೀನು ಹೇಗಿದ್ದಿ ಈಗ?"

ನಾನು ಎದುರಿನ ಕಪಾಟಿನ ಕನ್ನಡಿ ನೋಡಿದೆ. ಬೈತಲೆಯ ಎರಡೂ ಬದಿ ನರೆತಿದೆ, ಬಾಯಿಯ ಸುತ್ತ ಅಮ್ಮನ ಗೆರೆಗಳೇ ಬಂದಿವೆ. ನನ್ನನ್ನು ಹುಟ್ಟಿದಂದಿನಿಂದ ನೋಡಿದವರಲ್ಲಿ ಅಪ್ಪ ಇಲ್ಲ, ಅಮ್ಮ ಇಲ್ಲ. ಉಳಿದವನು ಇವನೊಬ್ಬ. ಈ ಮುಖವನ್ನು ಅವನು ಕಂಡಿಲ್ಲ, ಕಾಣುವುದೂ ಇಲ್ಲ.

"ಅಮ್ಮನ ಹಾಗೆ ಆಗಿದ್ದೇನೆ" ಎಂದೆ.

"ಅಮ್ಮ ಯಾವ ಪ್ರಾಯದಲ್ಲಿ ಇದ್ದ ಹಾಗೆ?" ಎಂದು ಕೇಳಿ, ಅವನು ನನ್ನ ಉತ್ತರಕ್ಕಾಗಿ ಕಾದು ಕೂತ.