ಬಟ್ಟೆಯ ಕೆಳಗಿನ ಮುಳ್ಳುತಂತಿ

ಶಿಕಾಗೊ ಹತ್ತಿರದ ವೆಸ್ಟ್‌ಮಂಟ್‌ನಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜ ಬಡಗಿಯಾಗಿದ್ದವನು. ಸಿಂಗರಿಸಿದ ವೇದಿಕೆ ಎಲ್ಲೇ ಕಂಡರೂ ಬಗ್ಗಿ, ಬಟ್ಟೆ ಎತ್ತಿ ಒಳಗೆ ನೋಡುತ್ತಿದ್ದ. 1912ರಲ್ಲಿ ಶಿಕಾಗೊದಲ್ಲಿ ನಡೆದ ರಾಜಕೀಯ ಪಕ್ಷವೊಂದರ ಅಧಿವೇಶನಕ್ಕೆ ವೇದಿಕೆ ಕಟ್ಟಿದವರಲ್ಲಿ ಅವನೂ ಒಬ್ಬ. ದೇಶದ ಆಗಿನ ಅಧ್ಯಕ್ಷ, ಮಾಜಿ ಅಧ್ಯಕ್ಷ ಇಬ್ಬರೂ ಒಂದೇ ಪಕ್ಷದವರು, ಒಂದೇ ಕುರ್ಚಿಗೆ ಕಚ್ಚಾಡುತ್ತಿದ್ದರು. ಸ್ವಂತ ಪಕ್ಷದವರೇ ಮೇಲೆ ನುಗ್ಗದಿರಲೆಂದು ವೇದಿಕೆಗೆ ಮುಳ್ಳುತಂತಿ ಸುತ್ತಿಸಿ, ಧ್ವಜದ ಬಣ್ಣದ ಬಟ್ಟೆ ಹೊದಿಸಿದ್ದರು.

"ನನ್ನ ಕೈಲೇ ಮೊಳೆ ಹೊಡೆಸಿದ್ರು! ಮೇಲೆ ಬಟ್ಟೆ, ಕೆಳಗೆ ಮುಳ್ಳು!" ಅರವತ್ತು ವರ್ಷ ಕಳೆದಿದ್ದರೂ ಇದನ್ನು ಹೇಳುವಾಗ ಅವನ ಗದ್ದ ಸಿಟ್ಟಿನಿಂದ ಅದುರುತ್ತಿತ್ತು.

ಒಮ್ಮೆ ನಮ್ಮ ಕನ್ನಡ ಬಳಗದ ಯುಗಾದಿಗೆ ಅವನನ್ನು ಕರೆದೊಯ್ದೆ. ಅಂದೇ ಬಳಗದ ಅಧ್ಯಕ್ಷರ ಚುನಾವಣೆ. ಕಾರ್ಯದರ್ಶಿ ನಾನು. ನಮ್ಮ ಮೈಸೂರಿನವರೇ ಗೆಲ್ಲಲೆಂದು ಹುಬ್ಬಳ್ಳಿ ಕಡೆಯವರ ಸದಸ್ಯತ್ವದ ಅರ್ಜಿಗಳನ್ನೆಲ್ಲ ತಡವಾಗಿ ಬಂದವೆಂದು ಸುಳ್ಳು ಹೇಳಿ ತಳ್ಳಿಹಾಕಿದ್ದೆ. ಹುಬ್ಬಳ್ಳಿಯ ಡಾಕ್ಟರೊಬ್ಬರು ಬಾಗಿಲಲ್ಲೇ ನನ್ನನ್ನು ತಡೆದು ಸಿಡಿದರು: "ಊಟಕ್ಕ ಕರೀತೀರಿ, ವೋಟಿಗೆ ಮಾತ್ರ ಬ್ಯಾಡಾದ್ವೇನ್ರಿ ನಾವು? ನಾಚಿಕಿ ಆಗೂದಿಲ್ಲೇನು?"

ಅವರು ಅಂದದ್ದೇನೆಂದು ಅಜ್ಜ ಕೇಳಿದ. ನಾನು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದೆ.

ಆ ದಿನ ಅವನು ಅಲ್ಲಿನ ಸಿಂಗರಿಸಿದ ವೇದಿಕೆಯತ್ತ ಹೋಗಲೇ ಇಲ್ಲ. ನನ್ನ ಹೆಗಲ ಮೇಲಿನ ಜರಿ ಶಲ್ಯದ ಅಂಚು ಹಿಡಿದೆತ್ತಿ, ಬಗ್ಗಿ ಒಳಗೆ ನೋಡಿದ.