ಕಾಲು ನೋಯದ ಬೆಳಿಗ್ಗೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ‘ಬೊಗಳೆ ಬಿಡಬೇಡಿ ಮಾರಾಯ್ರೆ’ ಎಂದು ನಾನೇ ಬಾಯಿ ಮುಚ್ಚಿಸುತ್ತಿದ್ದೆ. ದೆವ್ವ, ಪವಾಡ ಯಾವುದನ್ನೂ ನಂಬಿದವನಲ್ಲ. ನೀವೂ ನಂಬಬೇಕೆಂದಿಲ್ಲ. ನನ್ನ ಸಂಕಟ ನನಗೆ.

ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ಕೂಗುವುದು ನನ್ನ ಕೆಲಸವಾಗಿತ್ತು. ಅಲ್ಲಿ ನಮ್ಮದೊಂದು ಕ್ರಮ ಉಂಟು. ಕೂಗುವವನು ಯಾವ ರಾಶಿಯ ಎದುರು ನಿಲ್ಲುತ್ತಾನೋ ಆ ರಾಶಿಯ ಏಲಂ ಶುರು. ಮೊದಲು ಬಂದ ಬೋಟಿನ ಮೀನು ದಕ್ಕೆಯ, ಅಂದರೆ ಬೋಟು ಕಟ್ಟುವ ಕಟ್ಟೆಯ, ಆ ತುದಿಯಲ್ಲಿರುತ್ತದೆ; ಮೊದಲ ಏಲಂ ಅದಕ್ಕೇ. ನಡುವೆ ಎಲ್ಲೂ ನಿಲ್ಲದೆ ಅಲ್ಲಿಗೇ ಹೋಗಬೇಕು.

ಆ ವರ್ಷ ನನ್ನ ಬಲಗಾಲಿನ ಮೀನಖಂಡ ಕೈಕೊಟ್ಟಿತು. ಸ್ವಲ್ಪ ನಡೆದರೆ ಹಿಂಡಿದಂಥ ನೋವು, ನಿಂತರೆ ಮಾಯ. ಮಣಿಪಾಲದ ಡಾಕ್ಟರು, “ರಕ್ತನಾಳ ಕಟ್ಟಿಕೊಂಡಿದೆ. ನಡೆಯುವಾಗ ಸ್ನಾಯುವಿಗೆ ಆಮ್ಲಜನಕ ಸಾಲುವುದಿಲ್ಲ. ಸಿಕ್ಕಿದ್ದರಿಂದ ಶಕ್ತಿ ಮಾಡಿಕೊಳ್ಳುವ ತಾಕತ್ತೂ ಅದಕ್ಕೆ ಕಡಿಮೆಯಾಗಿದೆ. ನೋವು ಬಂದರೆ ನಿಂತು, ಮತ್ತೆ ನಡೆಯಿರಿ” ಎಂದರು. ನಿಲ್ಲುವುದೇ ನನಗೆ ಕುತ್ತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ನಡುವೆ ನಿಂತಲ್ಲೆಲ್ಲ ಜನ ಬೆಲೆ ಕೂಗತೊಡಗಿದರು. ತುದಿಯ ಬೋಟಿನವರು ನಾನು ಲಂಚ ತಿಂದು ನಿಲ್ಲುತ್ತೇನೆ ಎಂದರು. ನನ್ನ ಪರ ನಿಂತವನು ಸುಧಾಕರ ಒಬ್ಬನೇ. ಬಾಲ್ಯದ ಗೆಳೆಯ, ಅವನದ್ದೂ ಒಂದು ಬೋಟು. “ಅವನಿಗೆ ಕಾಲು ಸರಿ ಇಲ್ಲ. ಬೇಕಾದರೆ ನಾಳೆ ನೀವೇ ನೋಡಿ, ಅಷ್ಟು ದೂರ ನಡೆಯಲಿಕ್ಕೆ ಆಗುವುದೇ ಇಲ್ಲ” ಎಂದ. ಅದು ಸುಳ್ಳಾದರೆ ನನ್ನ ಕೆಲಸ ಹೋಯಿತು ಎಂದು ಎಲ್ಲರ ಎದುರು ತೀರ್ಮಾನವಾಯಿತು.

ಬೆಳಕು ಹರಿಯುವಾಗ ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದರು. ದಿನಾ ನೋವು ಹಿಡಿಯುವ ಐಸಿನ ಪೆಟ್ಟಿಗೆಗಳ ಹತ್ತಿರ ಬಂದೆ. ನೋವಿಲ್ಲ. ದಾಟಿದೆ. ಆಗಲೂ ಇಲ್ಲ. ನಿಂತುಬಿಡಲೇ ಎಂದುಕೊಂಡೆ. ಆದರೆ ನೋಯದೆ ನಿಂತರೆ ಅದೇ ನಾಟಕವಾಗುತ್ತದೆ, ಅಲ್ವಾ? ಸುಳ್ಳೇಕೆ, ಖುಷಿಯೂ ಆಗಿತ್ತು. ಕಾಲು ತಣ್ಣಗೆ, ಹಗುರವಾಗಿ, ನನ್ನದೇ ಅಲ್ಲವೆಂಬಂತೆ ಸಾಗುತ್ತಿತ್ತು. ತುದಿ ಮುಟ್ಟಿ ತಿರುಗಿ ನೋಡಿದರೆ ಯಾರೂ ಬೆಲೆ ಕೂಗುತ್ತಿರಲಿಲ್ಲ. ಸುಧಾಕರ ಹತ್ತಿರ ಬಂದು, “ನನ್ನನ್ನೂ ಮಂಗ ಮಾಡಿದೆಯಲ್ಲ” ಎಂದ.

ಕೆಲಸ ಹೋದ ಅದೇ ವಾರ ಮಣಿಪಾಲದಲ್ಲಿ ಟ್ರೆಡ್‌ಮಿಲ್ ಯಂತ್ರದ ಪಟ್ಟಿಯ ಮೇಲೆ ನಡೆಸಿದರು. ಸ್ವಲ್ಪದರಲ್ಲೇ ನೋವು ಬಂದು ಕಂಬಿ ಹಿಡಿದು ನಿಂತೆ. ಪಾದದ ನಾಡಿ ಮೊದಲಿನಷ್ಟೇ ಕ್ಷೀಣ. ದಕ್ಕೆಯ ಸಂಗತಿ ಹೇಳಿದಾಗ ಡಾಕ್ಟರು, “ಈ ಕಾಲಿನಲ್ಲಿ ಸಾಧ್ಯವೇ ಇಲ್ಲ” ಎಂದು ನಕ್ಕರು. ಅಲ್ಲಿ ನೋವು ಸುಳ್ಳು, ಇಲ್ಲಿ ನಡೆದದ್ದು ಸುಳ್ಳು. ಆ ಬೆಳಿಗ್ಗೆ ಆದದ್ದೇನು ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ನನ್ನದೇ ಕಾಲು ನನಗೆ ಹೀಗೆ ಮೋಸ ಮಾಡಬಹುದೇ? ನೊಂದಿದ್ದರೆ ಸಾಕಿತ್ತು, ಎಂದಿನಂತೆ ನೊಂದಿದ್ದರೆ!

ಕಳೆದ ತಿಂಗಳು ಕಾಪು ಪೇಟೆಯಲ್ಲಿ ನೋವು ಹಿಡಿದು ಅಂಗಡಿಯ ಗೋಡೆಗೆ ಒರಗಿದ್ದೆ. ಸುಧಾಕರ ಎದುರಿಗೆ ಬಂದ. ಕಾಲು ನೋಡಿದ, ಮುಖ ನೋಡಿದ.

“ಇಲ್ಲಿ ಯಾರಿಗೆ ತೋರಿಸಲಿಕ್ಕೆ ಮಾರಾಯ?” ಎಂದು ಹೊರಟುಹೋದ.

ಹಿಂದೆ ಹೋಗಿ ಕೈ ಹಿಡಿದು ನಿಲ್ಲಿಸಬೇಕು ಎಂದಿತ್ತು. ಕಾಲು ಏಳಲಿಲ್ಲ.